ವಾರಕ್ಕೊಂದು ಸ್ಯಾಶೆ, ಹನ್ನೊಂದರ ಬಿಸಿಲು

ವಿಟಮಿನ್ ಡಿ ಕಮ್ಮಿ ಇದೆ ಅಂದರೆ ಸಾಕು, ನೆಂಟರೆಲ್ಲ ಒಂದೇ ಮಾತು ಹೇಳುತ್ತಾರೆ: "ಬೆಳಿಗ್ಗೆ ಎಳೆ ಬಿಸಿಲಲ್ಲಿ ಕೂರಿಸು, ಸರಿಹೋಗುತ್ತೆ." ನಮ್ಮಮ್ಮ ವರ್ಷಗಳಿಂದ ಬೆಳಿಗ್ಗೆ ಏಳಕ್ಕೆ ಬಾಲ್ಕನಿಯಲ್ಲಿ ಕೂತೇ ಕಾಫಿ ಕುಡಿಯೋದು. ಆದರೂ ರಿಪೋರ್ಟಿನಲ್ಲಿ ಬಂದಿದ್ದು 8. ಒಂದು ಮಿಲಿಲೀಟರಿಗೆ 20 ನ್ಯಾನೊಗ್ರಾಂಗಿಂತ ಕೆಳಗಿದ್ದರೆ ಕೊರತೆ ಅಂತ ಲೆಕ್ಕ.

ಅಮ್ಮನಿಗೆ 78. ಬೆಂಗಳೂರಿನ ಫ್ಲಾಟಿನಲ್ಲಿ ನಾವಿಬ್ಬರೇ. ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆ, ಹಗಲಲ್ಲಿ ಅವಳನ್ನು ನೋಡಿಕೊಳ್ಳಲು ಒಬ್ಬರು ಅಕ್ಕ ಬರುತ್ತಾರೆ. ಸೊಂಟ ನೋವು, ತೊಡೆ ಸೆಳೆತ ಅಂತ ಅಮ್ಮ ಆಗಾಗ ಅನ್ನುತ್ತಿದ್ದಳು. "ವಯಸ್ಸಾಯ್ತಲ್ಲೋ, ಇನ್ನೇನು" ಅಂತ ಅವಳೇ ಮುಗಿಸಿಬಿಡುತ್ತಿದ್ದಳು. ನನ್ನ ಗಮನಕ್ಕೆ ಬಂದಿದ್ದು ಬೇರೆ. ಕುರ್ಚಿಯಿಂದ ಏಳುವಾಗ ಎರಡೂ ಕೈ ಮಂಡಿಯ ಮೇಲೆ ಊರಿ, ಒಂದು ಸಲ ಹಿಂದಕ್ಕೆ ವಾಲಿ, ಆಮೇಲೆ ಮೇಲೇಳುತ್ತಿದ್ದಳು. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ಮೈ ಎಳೆದುಕೊಳ್ಳುತ್ತಿದ್ದಳು. ಡಾಕ್ಟರು ಅವಳ ಮೊಣಕಾಲಿನ ಕೆಳಗಿನ ಮೂಳೆಯನ್ನು ಹೆಬ್ಬೆರಳಿಂದ ಒತ್ತಿದಾಗ ಅಮ್ಮ "ಅಯ್ಯಪ್ಪಾ" ಅಂದಳು. ಕೀಲಲ್ಲ, ಮೂಳೆಯೇ ನೋಯುತ್ತಿತ್ತು. ಡಿ ತೀರಾ ಕಮ್ಮಿಯಾದರೆ ಮೂಳೆ ಮೆತ್ತಗಾಗುತ್ತೆ, ತೊಡೆ ಮತ್ತು ಸೊಂಟದ ಸ್ನಾಯುಗಳು ಸೋಲುತ್ತವೆ ಅಂತ ಅವರು ವಿವರಿಸಿದರು. ಡಿ ಟೆಸ್ಟಿನ ಜೊತೆಗೆ ಕ್ಯಾಲ್ಶಿಯಂ, ಫಾಸ್ಫರಸ್, ಕಿಡ್ನಿಗೆ ಕ್ರಿಯಾಟಿನಿನ್, ಮೂಳೆಗೆ ಆಲ್ಕಲೈನ್ ಫಾಸ್ಫಟೇಸ್ ಟೆಸ್ಟುಗಳನ್ನೂ ಬರೆದರು. ಕಿಡ್ನಿ ಹೇಗಿದೆ ಅಂತ ನೋಡದೆ ಡಿ ಶುರು ಮಾಡಬಾರದಂತೆ.

ಬರೆದುಕೊಟ್ಟಿದ್ದು 60,000 ಐಯು (ವಿಟಮಿನ್ ಅಳೆಯುವ ಮಾನ) ಕೊಲೆಕ್ಯಾಲ್ಸಿಫೆರಾಲ್, ಅಂದರೆ ವಿಟಮಿನ್ ಡಿ3, ವಾರಕ್ಕೊಂದು, ಎಂಟು ವಾರ. ಇದು ಸಾಮಾನ್ಯವಾಗಿ ಕೊಡುವ ಕೋರ್ಸೇ. ಸುಲಭ ಅಲ್ವಾ ಅನ್ನಿಸುತ್ತೆ. ಮನೆಯಲ್ಲಿ ಇದನ್ನು ನಡೆಸಿಕೊಂಡು ಹೋಗೋದೇ ನಿಜವಾದ ಕೆಲಸ.

ಮೊದಲನೇ ತಕರಾರು ಅಮ್ಮನದೇ. ಅಂಗಡಿಯವರು ಕ್ಯಾಪ್ಸೂಲ್ ಕೊಟ್ಟಿದ್ದರು. ಹೊರಗಿನ ಆ ಮೆತ್ತನೆ ಪೊರೆ ಯಾವುದರದ್ದು ಅಂತ ಕೇಳಿದಳು. ಬಹಳಷ್ಟು ಕ್ಯಾಪ್ಸೂಲುಗಳದ್ದು ಜೆಲಾಟಿನ್, ಪ್ರಾಣಿಯದ್ದು. ಸುಳ್ಳು ಹೇಳೋಕೆ ಮನಸ್ಸಾಗಲಿಲ್ಲ. ಡಾಕ್ಟರನ್ನು ಕೇಳಿ ಸ್ಯಾಶೆಗೆ ಬದಲಾಯಿಸಿಕೊಂಡು ಬಂದೆ. ಆಗ ಇನ್ನೊಂದು ಪ್ರಶ್ನೆ: "ಒಳಗಿರೋ ಪುಡಿ ಯಾವುದರಿಂದ ಮಾಡ್ತಾರೋ?" ಡಿ3ಯನ್ನು ಹೆಚ್ಚಾಗಿ ಮಾಡೋದು ಕುರಿಯ ಉಣ್ಣೆಯಲ್ಲಿರುವ ಜಿಡ್ಡಿನಿಂದ. ಕುರಿಯನ್ನು ಕೊಲ್ಲಲ್ಲ ಕಣಮ್ಮ, ಉಣ್ಣೆ ಕತ್ತರಿಸಿ ತೆಗೀತಾರೆ ಅಂದೆ. ಅಮ್ಮ ಸ್ವಲ್ಪ ಯೋಚಿಸಿದಳು. "ಕಂಬಳಿ ಮಡಿಗೇ ಆಗುತ್ತೆ, ಇದಕ್ಕೇನು" ಅಂದಳು. ಅಲ್ಲಿಗೆ ಮುಗಿಯಿತು. ಸಕ್ಕರೆ ಕಾಯಿಲೆ ಇರುವವರು ಒಂದು ನೋಡಿಕೊಳ್ಳಿ: ಕೆಲವು ಸ್ಯಾಶೆಗಳಲ್ಲಿ ಪುಡಿಗೆ ಸಕ್ಕರೆ ಬೆರೆಸಿರುತ್ತಾರೆ.

ಎರಡನೆಯದು ವಾರದ ಲೆಕ್ಕ. ಇದರಲ್ಲಿ ನಾನು ಬಹಳ ಬಿಗಿ. ಯಾಕೆಂದರೆ ನಮ್ಮ ಕೆಳಗಿನ ಮಹಡಿಯ ಯಜಮಾನರು ಇದೇ 60,000ದ ಗುಳಿಗೆಯನ್ನು ಬಿಪಿ ಮಾತ್ರೆಯ ಹಾಗೆ ದಿನಾ ನುಂಗಿದ್ದರು. ಮನೆಯವರು ಚೀಟಿ ಸರಿಯಾಗಿ ಓದಿರಲಿಲ್ಲ. ಮಲಬದ್ಧತೆ, ವಾಂತಿ, ವಿಪರೀತ ಬಾಯಾರಿಕೆ, ಕೊನೆಗೆ ಮಾತು ತಡವರಿಸಿ ಆಸ್ಪತ್ರೆ ಸೇರಿದರು. ರಕ್ತದಲ್ಲಿ ಕ್ಯಾಲ್ಶಿಯಂ ಏರಿಬಿಟ್ಟಿತ್ತು. ಡಿ ಕೊಬ್ಬಿನಲ್ಲಿ ಕರಗುವ ವಿಟಮಿನ್. ಜಾಸ್ತಿಯಾದದ್ದು ಮೂತ್ರದಲ್ಲಿ ಹೊರಟುಹೋಗಲ್ಲ, ಮೈಯಲ್ಲೇ ಉಳಿಯುತ್ತೆ.

ನಮ್ಮಲ್ಲಿ ಗುರುವಾರ ಅಂತ ಗೊತ್ತು ಮಾಡಿದೆವು. ರಾಯರ ದಿನವನ್ನು ಅಮ್ಮ ಮರೆಯೋ ಮಾತೇ ಇಲ್ಲ. ಸ್ಯಾಶೆಗಳ ಡಬ್ಬಿ ನನ್ನ ಬೀರುವಿನಲ್ಲಿ ಇರುತ್ತೆ, ದಿನದ ಮಾತ್ರೆಗಳ ಡಬ್ಬಿಗೆ ಅದು ಸೇರೋ ಹಾಗೇ ಇಲ್ಲ. ಗುರುವಾರ ಮಧ್ಯಾಹ್ನ ಒಂದನ್ನು ಮಾತ್ರ ಹೊರಗೆ ತೆಗೆಯುತ್ತೇನೆ. ಅನ್ನಕ್ಕೆ ತುಪ್ಪ ಹಾಕಿಕೊಂಡು ಊಟ ಆದಮೇಲೆ, ಅರ್ಧ ಲೋಟ ಹಾಲಿಗೆ ಪುಡಿ ಸುರಿದು ಕಲಸಿ ಕೊಡೋದು. ಜಿಡ್ಡಿನ ಊಟದ ಜೊತೆ ಮೈ ಡಿಯನ್ನು ಚೆನ್ನಾಗಿ ಹೀರಿಕೊಳ್ಳುತ್ತೆ. ಲೋಟದ ತಳದಲ್ಲಿ ಪುಡಿ ನಿಲ್ಲುತ್ತೆ, ಅದಕ್ಕೆ ಇನ್ನೊಂದು ಗುಟುಕು ಹಾಲು ಹಾಕಿ ಅಲ್ಲಾಡಿಸಿ ಕುಡಿಸಬೇಕು. ಖಾಲಿ ಸ್ಯಾಶೆಯನ್ನು ಗೋಡೆ ಕ್ಯಾಲೆಂಡರಿನ ಆ ತಾರೀಖಿನ ಪಕ್ಕ ಪಿನ್ ಮಾಡುತ್ತಿದ್ದೆ. ಆಗ "ಇವತ್ತು ಕೊಟ್ಟಿದ್ರಾ?" ಅಂತ ಯಾರೂ ಯಾರನ್ನೂ ಕೇಳಬೇಕಿಲ್ಲ.

ಕ್ಯಾಲ್ಶಿಯಂ ಮಾತ್ರೆಗೆ ಬೇರೆ ಹೊತ್ತು ಹುಡುಕಬೇಕಾಯಿತು. ಅಮ್ಮ ಬೆಳಿಗ್ಗೆ ಎದ್ದ ಕೂಡಲೇ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಾಳೆ. ಎರಡರ ನಡುವೆ ನಾಲ್ಕು ಗಂಟೆ ಅಂತರ ಬೇಕು, ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆ ಮೈಗೆ ಹತ್ತಲ್ಲ. ಹಾಗಾಗಿ ಕ್ಯಾಲ್ಶಿಯಂ ಊಟದ ಜೊತೆ. ಅವಳ ಬಿಪಿ ಮಾತ್ರೆ ಯಾವುದು ಅಂತಲೂ ಡಾಕ್ಟರು ಕೇಳಿದರು. ಥಯಾಜೈಡ್ ಜಾತಿಯದಾದರೆ ಅದೂ ರಕ್ತದಲ್ಲಿ ಕ್ಯಾಲ್ಶಿಯಂ ಏರಿಸುತ್ತೆ. ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಇದಕ್ಕೆ ತಿರುಗುಮುರುಗು: ಫೆನಿಟಾಯಿನ್, ಕಾರ್ಬಮಜೆಪಿನ್ ಮುಂತಾದವು ಡಿಯನ್ನೇ ಬೇಗ ಖರ್ಚು ಮಾಡಿಬಿಡುತ್ತವೆ. ಡಾಕ್ಟರ ಹತ್ತಿರ ಹೋಗುವಾಗ ಮಾತ್ರೆಗಳ ಚೀಲವನ್ನೇ ಎತ್ತಿಕೊಂಡು ಹೋಗಿ.

ಇನ್ನು ಬಿಸಿಲು. ಕೂತವರ ನೆರಳು ಬೇಡ, ನಿಂತವರ ನೆರಳು ನೋಡಿ. ಅದು ನಿಮ್ಮ ಎತ್ತರಕ್ಕಿಂತ ಉದ್ದ ಇದ್ದರೆ ಡಿ ಹುಟ್ಟಿಸುವ ಯುವಿ-ಬಿ ಕಿರಣ ನೆಲಕ್ಕೆ ಬಹಳ ಕಮ್ಮಿ ತಲುಪುತ್ತಿದೆ ಅಂತ ಅರ್ಥ. ಏಳು ಗಂಟೆಯ ಬಿಸಿಲು ಬರೀ ಬೆಚ್ಚಗಿರುತ್ತೆ. ಸಾಲದ್ದಕ್ಕೆ ನಮ್ಮ ಬಾಲ್ಕನಿಗೆ ಗಾಜು ಹಾಕಿಸಿದ್ದೆವು. ಗಾಜು ಯುವಿ-ಬಿಯನ್ನು ಹೆಚ್ಚುಕಮ್ಮಿ ಪೂರ್ತಿ ತಡೆಯುತ್ತೆ.

ಹಾಗಾಗಿ ಹನ್ನೊಂದಕ್ಕೆ ಟೆರೇಸು. ಬಟ್ಟೆ ಒಣಗಿಸುವ ಹಗ್ಗದ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿದೆವು. ಆದರೆ ಅಮ್ಮ ಬಂದಿದ್ದು ಸ್ವೆಟರು, ಸಾಕ್ಸು, ತಲೆಗೆ ಸ್ಕಾರ್ಫು ಸಮೇತ! ಕಾಣುತ್ತಿದ್ದದ್ದು ಮುಖ ಮತ್ತು ಹತ್ತು ಬೆರಳು. ಸ್ವೆಟರು ಬಿಡಿಸೋಕೆ ಒಂದು ವಾದ, ಸೀರೆ ಮಂಡಿವರೆಗೆ ಸರಿಸೋಕೆ ಇನ್ನೊಂದು. "ಎದುರು ಬಿಲ್ಡಿಂಗಿನವರು ನೋಡ್ತಾರೆ" ಅನ್ನೋದು ಅವಳ ಚಿಂತೆ. ಅಕ್ಕ ಒಂದು ಬೆಡ್‌ಶೀಟನ್ನು ಹಗ್ಗಕ್ಕೆ ಅಡ್ಡ ಹರಡಿದರು, ವಾದ ಮುಗಿಯಿತು. ಮುಖಕ್ಕೆ ಟೋಪಿ, ಕೈಕಾಲಿಗೆ ಹದಿನೈದು ಇಪ್ಪತ್ತು ನಿಮಿಷ ಬಿಸಿಲು, ಪಕ್ಕದಲ್ಲಿ ನೀರು. ಏಪ್ರಿಲ್‌ನಲ್ಲಿ ಹತ್ತಕ್ಕೇ ಮುಗಿಸುತ್ತೇವೆ. ಬಿಸಿಲಿಗೆ ತಲೆ ಸುತ್ತಿ ಬಿದ್ದರೆ ಮಾಡಿದ್ದೆಲ್ಲ ದಂಡ.

ಆದರೂ ಬಿಸಿಲೊಂದೇ ಸಾಕಾಗಲ್ಲ. 70 ದಾಟಿದವರ ಚರ್ಮ 20ರ ವಯಸ್ಸಿನವರು ತಯಾರಿಸುವ ಡಿಯಲ್ಲಿ ಸುಮಾರು ಕಾಲು ಭಾಗ ಮಾತ್ರ ತಯಾರಿಸುತ್ತೆ. ಊಟದ ಲೆಕ್ಕವೂ ಅಷ್ಟಕ್ಕಷ್ಟೇ. ರಾಗಿಯಲ್ಲಿ ಕ್ಯಾಲ್ಶಿಯಂ ಭರ್ಜರಿ, ನೂರು ಗ್ರಾಂಗೆ 350 ಮಿಲಿಗ್ರಾಂ ಆಸುಪಾಸು. ಡಿ ಮಾತ್ರ ಇಲ್ಲ. ವಿಟಮಿನ್ ಬೆರೆಸಿದ +ಎಫ್ ಗುರುತಿನ ಹಾಲಿನಲ್ಲಿ ಲೀಟರಿಗೆ 200ರಿಂದ 300 ಐಯು ಇರಬೇಕು ಅಂತ ನಿಯಮ. ಅಂದರೆ ಒಂದು ಲೋಟಕ್ಕೆ ಐವತ್ತರ ಹತ್ತಿರ. 70 ದಾಟಿದವರಿಗೆ ದಿನಕ್ಕೆ ಬೇಕಾಗಿರೋದು 800. ಬಂಗುಡೆ, ಭೂತಾಯಿ ತಿನ್ನುವ ಕರಾವಳಿಯವರ ಕಥೆ ಬೇರೆ. ನಮ್ಮಂಥ ಸಸ್ಯಾಹಾರಿಗಳಿಗೆ ಮಾತ್ರೆಯೇ ಗತಿ.

"ವಾರ ವಾರ ಯಾಕೆ ಒದ್ದಾಡ್ತೀಯ, ಒಂದೇ ದೊಡ್ಡ ಇಂಜೆಕ್ಷನ್ ಹಾಕಿಸಿಬಿಡು" ಅಂತ ಚಿಕ್ಕಮ್ಮ ಫೋನಿನಲ್ಲಿ ಹೇಳಿದರು. ಆರು ಲಕ್ಷ ಐಯು ಇಂಜೆಕ್ಷನ್ ಸಿಗುತ್ತೆ, ನಿಜ. ನಮ್ಮ ಡಾಕ್ಟರು ಬೇಡ ಅಂದರು. ಆಸ್ಟ್ರೇಲಿಯಾದಲ್ಲಿ 70 ದಾಟಿದ ಹೆಂಗಸರಿಗೆ ವರ್ಷಕ್ಕೊಮ್ಮೆ ಐದು ಲಕ್ಷ ಐಯು ಡಿಯನ್ನು ಮಾತ್ರೆಯಲ್ಲೇ ಒಟ್ಟಿಗೆ ಕೊಟ್ಟು ನೋಡಿದ್ದರು. 2010ರಲ್ಲಿ ಫಲಿತಾಂಶ ಬಂದಾಗ ಡಿ ತೆಗೆದುಕೊಳ್ಳದವರಿಗಿಂತ ತೆಗೆದುಕೊಂಡವರೇ ಹೆಚ್ಚು ಬಿದ್ದಿದ್ದರು, ಹೆಚ್ಚು ಮೂಳೆ ಮುರಿದುಕೊಂಡಿದ್ದರು.

ಅಮ್ಮನ ರಕ್ತ ಕೊಡುವ ದಿನವೇ ನನ್ನದೂ ಕೊಟ್ಟಿದ್ದೆ. 13 ಬಂತು. ಅಚ್ಚರಿ ಏನಿಲ್ಲ, ಅವಳ ಜೊತೆ ಅದೇ ಗಾಜಿನ ಹಿಂದೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತವನು ನಾನು. ಬೆಳಗಾಗುವ ಮುಂಚೆ ಮನೆ ಬಿಟ್ಟು ಕತ್ತಲಾದ ಮೇಲೆ ಮನೆ ಸೇರುವ ಅಕ್ಕನಿಗೂ ಬೆನ್ನು ನೋವು, ಸುಸ್ತು. ಅವರ ಒಂದು ದಿನದ ಸಂಬಳಕ್ಕಿಂತ ಆ ಟೆಸ್ಟಿಗೇ ಜಾಸ್ತಿ ದುಡ್ಡು. ಡಾಕ್ಟರು ಅವರನ್ನು ಪರೀಕ್ಷಿಸಿ, ಟೆಸ್ಟಿಲ್ಲದೆ ಕಮ್ಮಿ ಡೋಸಿನ ಮಾತ್ರೆ ಬರೆದುಕೊಟ್ಟರು. ದುಡ್ಡು ನಾನು ಕೊಡುತ್ತೇನೆ. ಹನ್ನೊಂದಕ್ಕೆ ಟೆರೇಸಿನಲ್ಲಿ ಈಗ ಎರಡು ಕುರ್ಚಿ, ಮೀಟಿಂಗ್ ಇಲ್ಲದ ದಿನ ಮೂರು.

ಮೂರು ತಿಂಗಳಿಗೆ ಅಮ್ಮನದು 34ಕ್ಕೆ ಏರಿತು. ಮೂಳೆ ಒತ್ತಿದರೆ ಈಗ ನೋವಿಲ್ಲ. ಆದರೆ ನಂಬರು ಏರಿದಷ್ಟು ಬೇಗ ಕಾಲಿಗೆ ಬಲ ಬರಲಿಲ್ಲ. ಅದಕ್ಕೆ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಿದ್ದು ಊಟದ ಮೇಜಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು. ಟಿವಿಯಲ್ಲಿ ಜಾಹೀರಾತು ಬಂದಾಗಲೆಲ್ಲ ಅಮ್ಮ ಮಾಡುತ್ತಾಳೆ. ಧಾರಾವಾಹಿಗಳಿಗೆ ಜಾಹೀರಾತಿನ ಬರ ಇಲ್ಲವಲ್ಲ.

ಈಗ ತಿಂಗಳಿಗೊಂದು ಸ್ಯಾಶೆ. ಲ್ಯಾಬಿನವರು ಪ್ಯಾಕೇಜ್ ಇದೆ, ಡಿ ಸೇರಿದೆ ಅಂತ ಆಗಾಗ ಫೋನ್ ಮಾಡುತ್ತಾರೆ. ಮಾತ್ರೆ ಸರಿಯಾಗಿ ನಡೆಯುತ್ತಿದ್ದರೆ ಪದೇ ಪದೇ ನೋಡಬೇಕಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಆ ದುಡ್ಡಿನಲ್ಲಿ ಬಚ್ಚಲಿಗೆ ಎರಡು ಸ್ಟೀಲ್ ಹಿಡಿಕೆ ಹಾಕಿಸಿದೆ, ಒಂದು ಕಮೋಡಿನ ಪಕ್ಕ, ಇನ್ನೊಂದು ಬಾಗಿಲ ಹತ್ತಿರ. ಎತ್ತರ ಎಷ್ಟು ಅಂತ ಪ್ಲಂಬರು ಟೇಪು ಹಿಡಿದು ಕೇಳಿದಾಗ, ಅಮ್ಮನನ್ನೇ ಕೂರಿಸಿ, ಅವಳ ಕೈ ತಾನಾಗಿ ಹೋದ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಟ್ಟೆ.