ನಿಮ್ಮೂರ ಕೆರೆಯ ಹಕ್ಕಿ ಲೆಕ್ಕ ಇಡುವುದು ಹೇಗೆ?

ಹೆಸರಾದ ಪಕ್ಷಿಧಾಮಗಳಲ್ಲಿ ಹಕ್ಕಿ ಎಣಿಸುವವರು ಇದ್ದಾರೆ. ನಮ್ಮ ಊರಿನ ಕೆರೆಯಲ್ಲಿ? ಹತ್ತು ವರ್ಷದ ಹಿಂದೆ ಯಾವ ಹಕ್ಕಿ ಎಷ್ಟಿದ್ದವು ಅಂತ ಕೇಳಿದರೆ "ಆಗ ಜಾಸ್ತಿ ಬರ್ತಿದ್ವು" ಅನ್ನುವ ಉತ್ತರವೇ ಸಿಗುವುದು. ಕೆರೆ ಒತ್ತುವರಿಯಾದಾಗ, ಊರಿನ ಕೊಳಚೆ ಬಂದು ಸೇರಿದಾಗ ಕಚೇರಿಯಲ್ಲಿ ಈ ಮಾತಿಗೆ ಬೆಲೆ ಇರುವುದಿಲ್ಲ. ತಾರೀಖು, ಸಮಯ, ಸಂಖ್ಯೆ ಇರುವ ಪುಸ್ತಕಕ್ಕೆ ಇರುತ್ತದೆ.

ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಎರಡೂ ಹೊಲಕ್ಕೆ ನೀರುಣಿಸಲು ಕಟ್ಟಿದ ಕೆರೆಗಳೇ. 2024ರಲ್ಲಿ ಅವು ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದವು. ಒಂದು ಜಾತಿಯ ನೀರುಹಕ್ಕಿಗಳಲ್ಲಿ ನೂರಕ್ಕೆ ಒಂದು ಪಾಲಾದರೂ ತಪ್ಪದೆ ಅಲ್ಲಿಗೆ ಬರಬೇಕು ಅನ್ನುವುದು ಆ ಪಟ್ಟಿಯ ಮಾನದಂಡಗಳಲ್ಲಿ ಒಂದು. ಎಣಿಸದೆ ಅದನ್ನು ಹೇಳಲು ಆಗುತ್ತದೆಯೇ?

ಮೊದಲು ಜಾಗ ಗೊತ್ತು ಮಾಡಿಕೊಳ್ಳಿ

ತೂಬಿನ ಬಳಿ ಒಂದು, ಕೋಡಿಯ ಬಳಿ ಒಂದು, ನೀರು ತೆಳುವಾಗಿ ಹರಡಿರುವ ಕಡೆ ಒಂದು. ಮೂರು ಜಾಗ ಸಾಕು. ಬೆಳಿಗ್ಗೆ ಹೋಗುವುದಾದರೆ ಆದಷ್ಟೂ ಪೂರ್ವದ ದಡದಲ್ಲಿ ನಿಲ್ಲಿ. ಸೂರ್ಯ ಬೆನ್ನಿಗಿದ್ದರೆ ಹಕ್ಕಿಯ ಬಣ್ಣ ಸರಿಯಾಗಿ ಕಾಣುತ್ತದೆ. ಎದುರಿಗಿದ್ದರೆ ಎಲ್ಲವೂ ಕಪ್ಪು.

ಪ್ರತಿ ಸಲವೂ ಅದೇ ಜಾಗ, ಅದೇ ಹೊತ್ತು, ಅಷ್ಟೇ ಸಮಯ. ಒಂದೊಂದು ಜಾಗಕ್ಕೆ ಹದಿನೈದು ನಿಮಿಷ ಕೊಡಿ. ವರ್ಷಕ್ಕೊಮ್ಮೆ ದೊಡ್ಡ ಗುಂಪು ಬಂದು ಎಣಿಸಿ ಹೋಗುವುದಕ್ಕಿಂತ, ಊರಿನ ಇಬ್ಬರೇ ತಿಂಗಳಿಗೊಮ್ಮೆ ತಪ್ಪದೆ ಎಣಿಸುವುದು ಹೆಚ್ಚು ಕೆಲಸಕ್ಕೆ ಬರುತ್ತದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ವಲಸೆ ಹಕ್ಕಿಗಳು ಯಾವಾಗ ಬಂದವು, ಯಾವಾಗ ಹೋದವು ಅನ್ನುವುದು ಹಾಗಷ್ಟೇ ತಿಳಿಯುತ್ತದೆ.

ಹತ್ತು ಹಕ್ಕಿಗಳಿಂದ ಶುರು ಮಾಡಿ

ಒಂದು ನೋಟ್‌ಬುಕ್, ಪೆನ್ನು, ಗಡಿಯಾರ ಬೇಕು. ಬೈನಾಕ್ಯುಲರ್ ಇದ್ದರೆ ಒಳ್ಳೆಯದು. ಊರಿಗೆ ಒಂದಿದ್ದರೂ ಸಾಕು, ಹಂಚಿಕೊಳ್ಳಬಹುದು.

ಹಣೆಯ ಮೇಲೆ ಬಿಳಿ ಇರುವ ಕಪ್ಪು ಹಕ್ಕಿ ನಾಮದ ಕೋಳಿ. ಇಲ್ಲಿ ಮುಳುಗಿ ಅಲ್ಲೆಲ್ಲೋ ಏಳುವ ಪುಟ್ಟದ್ದು ಗುಳುಮುಳುಕ. ರೆಕ್ಕೆ ಹರಡಿ ಒಣಗಿಸುತ್ತಾ ಕೂರುವುದು ನೀರುಕಾಗೆ. ದಡದಲ್ಲಿ ಮಣ್ಣಿನ ಬಣ್ಣದಲ್ಲಿ ಕೂತಿದ್ದು, ಹಾರಿದಾಗ ಬೆಳ್ಳಗೆ ಕಾಣುವುದು ಕೊಳದ ಬಕ. ಇಂಥ ಹತ್ತು ಗೊತ್ತಾದರೆ ಹನ್ನೊಂದನೆಯದು ತಾನಾಗಿ ಕಣ್ಣಿಗೆ ಬೀಳುತ್ತದೆ. ಮರ್ಲಿನ್ ಎಂಬ ಉಚಿತ ಆ್ಯಪ್ ಫೋಟೊ, ಕೂಗು ಎರಡರಿಂದಲೂ ಹೆಸರು ಸೂಚಿಸುತ್ತದೆ. ಆದರೆ ಅದು ಹೇಳಿತು ಅಂತ ಸುಮ್ನೆ ಬರೆದುಕೊಳ್ಳಬೇಡಿ, ಹಕ್ಕಿಯನ್ನು ನೀವೇ ನೋಡಿ ಖಚಿತ ಮಾಡಿಕೊಳ್ಳಿ. ಗೊತ್ತಾಗದಿದ್ದರೆ "ಯಾವುದೋ ಬಾತು, 6" ಎಂದು ಬರೆಯಿರಿ. ಊಹೆಯ ಹೆಸರಿಗಿಂತ ಅದು ಮೇಲು.

ಎಣಿಸುವುದು, ಬರೆಯುವುದು

ಚದುರಿದ ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ. ದೊಡ್ಡ ಹಿಂಡಾದರೆ ಮೊದಲು ಹತ್ತನ್ನು ಎಣಿಸಿ, ಅವು ಎಷ್ಟು ಜಾಗ ಹಿಡಿದಿವೆ ನೋಡಿ. ಅಂಥ ಎಷ್ಟು ಭಾಗ ಆಗುತ್ತವೆ ಅಂತ ಕಣ್ಣಲ್ಲೇ ಅಳೆಯಿರಿ. ಇಬ್ಬರೂ ಬೇರೆ ಬೇರೆ ಎಣಿಸಿ ಹೋಲಿಸಿಕೊಂಡರೆ ಇನ್ನೂ ಒಳ್ಳೆಯದು. ಮುಳುಗುವ ಹಕ್ಕಿಗಳನ್ನು ಎರಡು ಮೂರು ಸಲ ಎಣಿಸಿ, ದೊಡ್ಡ ಸಂಖ್ಯೆಯನ್ನು ಇಟ್ಟುಕೊಳ್ಳಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಕಾಗೆ, ಮೈನಾ, ಬೆಳ್ಳಕ್ಕಿ ಎಲ್ಲವನ್ನೂ ಬರೆಯಿರಿ. ಅಪರೂಪದ್ದನ್ನು ಮಾತ್ರ ಬರೆದರೆ ಆ ಪಟ್ಟಿಯಿಂದ ಏನೂ ತಿಳಿಯದು. ಗುರುತಿಸಿದ್ದನ್ನೆಲ್ಲ ಬರೆದಾಗಷ್ಟೇ, ಪಟ್ಟಿಯಲ್ಲಿ ಇಲ್ಲದ ಹಕ್ಕಿ ಅಂದು ಕಾಣಲಿಲ್ಲ ಎಂದು ಹೇಳಲು ಸಾಧ್ಯ. ಹಕ್ಕಿಯೇ ಇಲ್ಲದ ದಿನ "ಏನೂ ಇಲ್ಲ" ಎಂದು ಬರೆಯಿರಿ. ಅದೂ ದಾಖಲೆಯೇ ಅಲ್ವಾ? ಜೊತೆಗೆ ನೀರು ಎಲ್ಲಿಯವರೆಗಿದೆ, ಹೂಳು ಎತ್ತುತ್ತಿದ್ದರಾ, ಮೀನಿನ ಬಲೆ ಹಾಕಿದ್ದರಾ ಅನ್ನುವುದನ್ನೂ ಸೇರಿಸಿ. ಹಕ್ಕಿ ಕಡಿಮೆಯಾದ ಕಾರಣ ಮುಂದೊಂದು ದಿನ ಆ ಸಾಲಿನಲ್ಲೇ ಸಿಗಬಹುದು.

ಪಟ್ಟಿಯನ್ನು ಮನೆಯಲ್ಲೇ ಇಟ್ಟುಕೊಳ್ಳಬೇಡಿ

ಇಬರ್ಡ್ ಎಂಬ ಉಚಿತ ಆ್ಯಪ್‌ಗೆ ಅದೇ ದಿನ ಏರಿಸಿ. ಅನುಮಾನ ಬಂದ ದಾಖಲೆಗಳನ್ನು ಹಕ್ಕಿ ಬಲ್ಲ ಸ್ವಯಂಸೇವಕರು ಪರಿಶೀಲಿಸುತ್ತಾರೆ. ನಿಮ್ಮನ್ನು ಪ್ರಶ್ನೆ ಕೇಳಿದರೆ ಬೇಸರ ಬೇಡ, ಕಲಿಯಲು ಅದೇ ಒಳ್ಳೆಯ ದಾರಿ. ಚಿಟ್ಟೆ, ಕಪ್ಪೆ, ಗಿಡಗಳ ಫೋಟೊಗಳನ್ನು ಐನ್ಯಾಚುರಲಿಸ್ಟ್ ಎಂಬ ಆ್ಯಪ್‌ಗೆ ಹಾಕಬಹುದು. ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ನಡೆಯುತ್ತದೆ. 1987ರಿಂದ ನಡೆದು ಬಂದ ಆ ಲೆಕ್ಕಕ್ಕೆ ನಿಮ್ಮ ಕೆರೆಯೂ ಸೇರಲಿ.

ಗೂಡಿನ ಜಾಗವನ್ನು ಮಾತ್ರ ಎಲ್ಲೂ ಹಾಕಬೇಡಿ. ಫೋಟೊಗೆಂದು ಗೂಡಿನ ಹತ್ತಿರ ಹೋಗಬೇಡಿ. ಸತ್ತ ಹಕ್ಕಿಗಳು ಕಂಡರೆ ಮುಟ್ಟದೆ ಪಶು ವೈದ್ಯರಿಗೆ ತಿಳಿಸಿ.

ಊರನ್ನು ಸೇರಿಸಿಕೊಳ್ಳಿ

ಮೀನು ಹಿಡಿಯುವವರು, ಕುರಿ ಕಾಯುವವರು ದಿನಾ ಕೆರೆ ನೋಡುವವರು. ಹಕ್ಕಿಗೆ ಊರಿನಲ್ಲಿ ಏನು ಹೆಸರು ಅಂತ ಅವರನ್ನೇ ಕೇಳಿ ಬರೆದುಕೊಳ್ಳಿ. ಶಾಲೆಯ ಮಕ್ಕಳಿಗೆ ಒಂದು ಜಾಗದ ಎಣಿಕೆ ಒಪ್ಪಿಸಿ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಮನೆ ಪಕ್ಕದ ಮರಗಳಲ್ಲೇ ಗೂಡು ಕಟ್ಟುತ್ತವೆ. ಅಲ್ಲಿನ ಯುವಕರು ಹೆಜ್ಜಾರ್ಲೆ ಬಳಗ ಕಟ್ಟಿಕೊಂಡು, ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಉಳಿಸಿದರು. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಊರಿನವರು ಜೊತೆಗಿಲ್ಲದಿದ್ದರೆ ಅಲ್ಲಿ ಯಾವ ಕಾನೂನೂ ಹಕ್ಕಿಗಳನ್ನು ಇಷ್ಟು ಕಾಲ ಉಳಿಸುತ್ತಿರಲಿಲ್ಲ.

ಕೊನೆಯ ಹೆಜ್ಜೆ ಪಂಚಾಯಿತಿ ಕಚೇರಿಗೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನವರನ್ನು ಕೇಳಿ ಜನತಾ ಜೀವವೈವಿಧ್ಯ ದಾಖಲಾತಿ, ಅಂದರೆ ಊರಿನ ಗಿಡ, ಪ್ರಾಣಿ, ಹಕ್ಕಿಗಳ ದಾಖಲೆ ಮಾಡುವುದು ಅದರ ಮುಖ್ಯ ಕೆಲಸ. ನಿಮ್ಮ ಪಂಚಾಯಿತಿಯ ದಾಖಲಾತಿಯನ್ನು ಕೇಳಿ ಪಡೆದು ಓದಿ. ಕೆರೆಯ ಹಕ್ಕಿಗಳು ಅದರಲ್ಲಿ ಇಲ್ಲದಿದ್ದರೆ ನಿಮ್ಮ ವರ್ಷದ ಪಟ್ಟಿಯ ಪ್ರತಿಯನ್ನು ಪತ್ರದ ಜೊತೆ ಕೊಟ್ಟು, ಸೇರಿಸಲು ಕೇಳಿ. ಕೊಟ್ಟ ಪತ್ರಕ್ಕೆ ಸ್ವೀಕೃತಿ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.