ಹೆಡ್ ಇಳಿಸದೆ ನಿಲ್ಲಿಸಿದ ಕುದಿತ: ಹಳೆಯ ಪಿಕಪ್ ರಿಪೇರಿಯ ನನ್ನ ಅನುಭವ

ಇಂಡಿ ತಾಲ್ಲೂಕಿನ ಲಿಂಬೆ, ತಿಕೋಟಾ ಭಾಗದ ಒಣದ್ರಾಕ್ಷಿ ಹೊತ್ತು ತಿರುಗುವ ನನ್ನ ಸೆಕೆಂಡ್ ಹ್ಯಾಂಡ್ ಪಿಕಪ್, ಕೊಂಡ ವರ್ಷದಿಂದಲೇ ಬೇಸಿಗೆಯಲ್ಲಿ ಕುದಿಯತೊಡಗಿತ್ತು. ವಿಜಯಪುರದಲ್ಲಿ ತೋರಿಸಿದ ಮಿಸ್ತ್ರಿಗಳೆಲ್ಲರೂ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಸೀಲು) ಹೋಗಿದೆ, ಹೆಡ್ ಇಳಿಸಿ ಲೇತಿಗೆ ಕಳಿಸಲೇಬೇಕು ಎಂದರು. ಖರ್ಚು ಸುಮಾರು 30 ಸಾವಿರ. ಹೆಡ್ಡಿನ ಒಂದು ಬೋಲ್ಟನ್ನೂ ಸಡಿಲಿಸದೆ, ಅದರ ಮೂರನೆಯ ಒಂದು ಪಾಲು ಹಣದಲ್ಲಿ ಗಾಡಿ ಸರಿಹೋಗಿದೆ. ಈ ಮೇ ತಿಂಗಳಿನ ಬಿಸಿಲಿನಲ್ಲಿ ತುಂಬಿದ ಲೋಡಿನೊಂದಿಗೆ ಸೊಲ್ಲಾಪುರದವರೆಗೆ ಓಡಿಸಿದರೂ ಶಾಖ ತೋರಿಸುವ ಮುಳ್ಳು ಅರ್ಧ ದಾಟಲಿಲ್ಲ.

ಗ್ಯಾಸ್ಕೆಟ್ ಮಾತನ್ನು ನಾನು ನಂಬದಿರಲು ಕಾರಣಗಳಿದ್ದವು. ಎಂಜಿನ್ ಆಯಿಲ್ ಹಾಲಿನಂತಾಗಿರಲಿಲ್ಲ, ಸೈಲೆನ್ಸರಿನಲ್ಲಿ ಬಿಳಿ ಹೊಗೆ ಇರಲಿಲ್ಲ, ಮುಂಜಾನೆ ತಣ್ಣಗಿರುವಾಗ ಕ್ಯಾಪ್ ತೆಗೆದು ಚಾಲೂ ಮಾಡಿದರೆ ರೇಡಿಯೇಟರಿನಲ್ಲಿ ಗುಳ್ಳೆಗಳು ಏಳುತ್ತಿರಲಿಲ್ಲ. ಮಿಸ್ತ್ರಿಗಳನ್ನು ದಾರಿ ತಪ್ಪಿಸಿದ ಸಂಗತಿಯೆಂದರೆ, ಗಾಡಿ ಹೆದ್ದಾರಿಯಲ್ಲಿ ಲೋಡ್ ಎಳೆಯುವಾಗಲೂ ಕುದಿಯುತ್ತಿತ್ತು, ಮಾರುಕಟ್ಟೆಯ ಗದ್ದಲದಲ್ಲಿ ನಿಂತಲ್ಲೇ ಉರಿಯುವಾಗಲೂ ಕುದಿಯುತ್ತಿತ್ತು. ಮೊದಲನೆಯದು ಸಾಮಾನ್ಯವಾಗಿ ಕಟ್ಟಿದ ರೇಡಿಯೇಟರಿನ ಲಕ್ಷಣ, ಎರಡನೆಯದು ಫ್ಯಾನಿನದು. ಎರಡೂ ಒಟ್ಟಿಗೆ ಕಂಡಾಗ ಎಲ್ಲರ ಕಣ್ಣು ಹೆಡ್ಡಿನ ಮೇಲೆ ಬೀಳುತ್ತದೆ. ಎರಡೂ ಒಟ್ಟಿಗೇ ಕೆಟ್ಟಿರಬಹುದು ಎಂದು ಒಬ್ಬರೂ ಹೇಳಲಿಲ್ಲ.

ಸುಮಾರು ಒಂದು ಸಾವಿರ ಕೊಟ್ಟು ದೂರದಿಂದಲೇ ಶಾಖ ತೋರಿಸುವ ಥರ್ಮಾಮೀಟರ್ ತಂದೆ. ಎಂಜಿನ್ ಚೆನ್ನಾಗಿ ಕಾದಾಗ ರೇಡಿಯೇಟರಿನ ಮುಖದ ಮೇಲೆ ಅದನ್ನು ಅಡ್ಡಕ್ಕೂ ಉದ್ದಕ್ಕೂ ಹಿಡಿಯುತ್ತ ಹೋದರೆ, ಮೇಲಿನ ಭಾಗ 90 ಡಿಗ್ರಿಯ ಹತ್ತಿರವಿದ್ದು ಕೆಳಗಿನ ಒಂದು ಮೂಲೆ 50 ಕೂಡ ಮುಟ್ಟುತ್ತಿರಲಿಲ್ಲ. ಅಷ್ಟು ಭಾಗದ ಕೊಳವೆಗಳಲ್ಲಿ ನೀರೇ ಹರಿಯುತ್ತಿಲ್ಲ ಎಂದು ಅರ್ಥ. ಹಿಂದಿನ ಮಾಲೀಕರು ವರ್ಷಗಟ್ಟಲೆ ಬೋರ್‌ವೆಲ್ ನೀರನ್ನೇ ಸುರಿದಿದ್ದರು, ನಮ್ಮ ಕಡೆಯ ಬೋರಿನ ನೀರು ಚಹಾದ ಪಾತ್ರೆಯ ತಳಕ್ಕೆ ಏನು ಮಾಡುತ್ತದೆ ಎಂಬುದು ಎಲ್ಲರಿಗೂ ಗೊತ್ತಿದೆ.

ಹೀಗೆ ಕೊಳವೆಗಳಲ್ಲಿ ಕಟ್ಟಿದ ಸುಣ್ಣ ಕರಗಿಸಲು ಆಮ್ಲ ಬೇಕು, ಲಿಂಬೆ ನನ್ನ ಗಾಡಿಯಲ್ಲೇ ಇತ್ತು. ಮಾರಾಟಕ್ಕೆ ಬಾರದ ಒಂದು ಚೀಲ ಕಾಯಿ ಹಿಂಡಿ, ಬಟ್ಟೆಯಲ್ಲಿ ಸೋಸಿ, ನೀರಿಗೆ ಬೆರೆಸಿ ತುಂಬಿದೆ. ಮೂಲೆಯ ಶಾಖ ಒಂದಿಷ್ಟು ಏರಿದ್ದು ನಿಜ, ಆದರೆ ಸೋಸಿದರೂ ಉಳಿದ ತಿರುಳು ಹೀಟರಿನ ಸಣ್ಣ ಪೈಪಿನಲ್ಲಿ ಸಿಕ್ಕಿಕೊಂಡು ಅದನ್ನು ತೆಗೆಯಲು ಅರ್ಧ ದಿನ ಹೋಯಿತು. ಬಳಿಕ ಕಿರಾಣಿ ಅಂಗಡಿಯ ಲಿಂಬೆ ಉಪ್ಪಿಗೇ (ಸಿಟ್ರಿಕ್ ಆಮ್ಲ) ಇಳಿದೆ. ಅದರ ಪ್ರಮಾಣವನ್ನೂ, ಎಷ್ಟು ಶಾಖದಲ್ಲಿ ನಿಲ್ಲಿಸಿ ಹೊರಬಿಡಬೇಕು ಎಂಬುದನ್ನೂ ಇಲ್ಲಿ ಬರೆಯುವುದಿಲ್ಲ, ಅದಕ್ಕಾಗಿ ನಾನು ಸಾಕಷ್ಟು ಡೀಸೆಲ್ ಸುಟ್ಟಿದ್ದೇನೆ. ಅರ್ಧದಷ್ಟು ಕೊಳವೆಗಳು ಹೀಗೆ ತೆರೆದವು. ಉಳಿದವಕ್ಕೆ ರೇಡಿಯೇಟರಿನ ಹಿತ್ತಾಳೆಯ ಟ್ಯಾಂಕಿನ ಬೆಸುಗೆ ಬಿಚ್ಚಿಸಿ ಸಲಾಕೆ ಹಾಯಿಸಬೇಕಾಯಿತು, ಅದಕ್ಕೆ ಎರಡೂವರೆ ಸಾವಿರದಷ್ಟು ಹೋಯಿತು.

ಎಂಜಿನ್ ಕಾದಾಗ ಫ್ಯಾನನ್ನು ಬಿಗಿಯಾಗಿ ಹಿಡಿದು ತಿರುಗಿಸುವ ಫ್ಯಾನ್ ಕ್ಲಚ್ ಪೂರ್ತಿ ಸತ್ತಿತ್ತು. ಬಿಸಿ ಎಂಜಿನ್ ಬಂದ್ ಮಾಡಿ ಕೈಯಿಂದ ತಿರುಗಿಸಿದರೆ ಬಿಗಿಯಾಗಿರಬೇಕಾದ ಫ್ಯಾನು ಗಿರಗಿರನೆ ತಿರುಗುತ್ತಿತ್ತು. ಹಣ ಉಳಿಸಲು ಮೊದಲು ಅದನ್ನು ಬೋಲ್ಟ್ ಹಾಕಿ ನೇರವಾಗಿ ಕೂಡಿಸಿ ಓಡಿಸಿ ನೋಡಿದೆ. ತಂಪೇನೋ ಆಯಿತು, ಆದರೆ ಸದ್ದು ಕ್ಯಾಬಿನ್ನಿನಲ್ಲಿ ಮಾತು ಕೇಳಿಸದಷ್ಟಾಯಿತು, ಮೈಲೇಜು ಲೀಟರಿಗೆ ಮುಕ್ಕಾಲು ಕಿಲೋಮೀಟರಿನಷ್ಟು ಬಿತ್ತು. ತಿಂಗಳ ಬಾಡಿಗೆಯ ಲೆಕ್ಕ ಹಾಕಿ, ಮೂರು ಸಾವಿರಕ್ಕೂ ಮೇಲೆ ಕೊಟ್ಟು ಹೊಸ ಕ್ಲಚ್ಚನ್ನೇ ತಂದೆ.

ಎಂಜಿನ್ ಕಾದ ಮೇಲೆ ರೇಡಿಯೇಟರಿಗೆ ನೀರು ಬಿಡುವ ವಾಲ್ವಾದ ಥರ್ಮೋಸ್ಟಾಟನ್ನು ಯಾರೋ ಮೊದಲೇ ಕಿತ್ತು ಎಸೆದಿದ್ದರು. ಅದಿಲ್ಲದಿದ್ದರೆ ಎಂಜಿನ್ ತಂಪಾಗಿರುತ್ತದೆ ಎಂಬ ನಂಬಿಕೆ ನಮ್ಮ ಗ್ಯಾರೇಜುಗಳಲ್ಲಿ ಗಟ್ಟಿಯಾಗಿದೆ. ನನ್ನ ಎಂಜಿನ್ನಿನಲ್ಲಿ ಅದೇ ವಾಲ್ವು ಬೈಪಾಸ್ ದಾರಿಯನ್ನೂ ಮುಚ್ಚಬೇಕು. ಅದು ಇಲ್ಲದಿದ್ದಾಗ ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ತಿರುಗಿ ಎಂಜಿನ್ನಿಗೇ ಬರುತ್ತದೆ. 82 ಡಿಗ್ರಿಗೆ ತೆರೆಯುವಂಥದ್ದನ್ನು ಹಾಕಿಸಿದೆ, ಮಿಸ್ತ್ರಿ ನಕ್ಕರು. ಸ್ಪ್ರಿಂಗ್ ಸಡಿಲವಾಗಿದ್ದ ರೇಡಿಯೇಟರಿನ ಕ್ಯಾಪನ್ನೂ ಬದಲಿಸಿದೆ, ಒತ್ತಡ ನಿಲ್ಲದಿದ್ದರೆ ನೀರು 100 ಡಿಗ್ರಿಗೇ ಕುದಿಯುತ್ತದೆ. ಡಿಸ್ಟಿಲ್ಡ್ ನೀರಿಗೆ ಅರ್ಧಕ್ಕರ್ಧ ಕೂಲಂಟ್ ಬೆರೆಸಿ ತುಂಬಿದೆ.

ಇಷ್ಟಾದರೂ ರಾತ್ರಿ ಹೆಡ್‌ಲೈಟ್ ಹಾಕಿದ ಕೂಡಲೇ ಮುಳ್ಳು ಏರುತ್ತಿತ್ತು, ಮಿಸ್ತ್ರಿಗಳು ಮತ್ತೆ ಗ್ಯಾಸ್ಕೆಟ್ ರಾಗ ಎಳೆದರು. ಥರ್ಮಾಮೀಟರ್ ಮಾತ್ರ ಎಂಜಿನ್ ತಂಪಾಗಿದೆ ಎನ್ನುತ್ತಿತ್ತು. ಡ್ಯಾಶ್‌ಬೋರ್ಡಿನ ಅರ್ತ್ ವೈರಿನ ತುದಿ ತುಕ್ಕು ಹಿಡಿದಿತ್ತು, ಉಜ್ಜಿ ಬಿಗಿದ ಮೇಲೆ ಮುಳ್ಳು ಅಲುಗಾಡಲಿಲ್ಲ. ಅದಕ್ಕೆ ಒಂದು ತುಂಡು ಮರಳು ಕಾಗದ ಬಿಟ್ಟು ಬೇರೇನೂ ಖರ್ಚಾಗಲಿಲ್ಲ.

ಎಲ್ಲ ಸೇರಿ 10 ಸಾವಿರದ ಒಳಗೇ ಮುಗಿಯಿತು, ಅದರಲ್ಲಿ ವಾಟರ್ ಪಂಪೂ ಸೇರಿದೆ. ಅದು ಮೊದಲು ಸೋರುತ್ತಿರಲಿಲ್ಲ. ಸುಣ್ಣ ಕರಗಿದ ವಾರದಲ್ಲೇ ಪಂಪಿನ ಕೆಳಗಿನ ಸಣ್ಣ ರಂಧ್ರದಿಂದ ಹನಿಯತೊಡಗಿತು, ಸವೆದ ಸೀಲನ್ನು ಅಷ್ಟು ದಿನ ಹಿಡಿದು ನಿಲ್ಲಿಸಿದ್ದುದೇ ಆ ಸುಣ್ಣವಾಗಿತ್ತು. ಹಳೆಯ ಗಾಡಿಗೆ ಲಿಂಬೆ ಉಪ್ಪು ಹಾಕುವವರು ಪಂಪಿಗೆಂದು ಒಂದೂವರೆ ಸಾವಿರವನ್ನು ಮೊದಲೇ ಬದಿಗಿಟ್ಟುಕೊಂಡು ಕೆಲಸಕ್ಕೆ ಇಳಿಯಲಿ.