ಬೆಳಗಿನ ಹತ್ತು ನಿಮಿಷ: ಕುದುರೆಗಳ ಆರೋಗ್ಯ ಕಾಯ್ದ ನನ್ನ ಅನುಭವ

ನಾನು ಕುದುರೆ ಸಾಕಲು ಶುರು ಮಾಡಿದ ಮೊದಲ ವರ್ಷ. ಒಂದು ರಾತ್ರಿ ಗೌರಿ ಮೇವು ಮುಟ್ಟಲಿಲ್ಲ. ಮುಂಗಾಲಲ್ಲಿ ನೆಲ ಕೆರೆಯುತ್ತಿದ್ದಳು. ಆಗಾಗ ಕತ್ತು ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡುತ್ತಿದ್ದಳು. ಮಲಗುತ್ತಿದ್ದಳು, ಏಳುತ್ತಿದ್ದಳು, ಮತ್ತೆ ಮಲಗುತ್ತಿದ್ದಳು. ಗಾಬರಿಯಾಗಿ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ನಾಲ್ಕೇ ಪ್ರಶ್ನೆ. ಜ್ವರ ಎಷ್ಟಿದೆ? ಎದೆಬಡಿತ ಎಷ್ಟಿದೆ? ಕೊನೆಯ ಸಲ ಲದ್ದಿ ಹಾಕಿದ್ದು ಯಾವಾಗ? ಇವತ್ತು ನೀರು ಎಷ್ಟು ಕುಡಿದಿದ್ದಾಳೆ?

ಒಂದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ.

ಡಾಕ್ಟರು ಬರುವವರೆಗೆ ಮೇವು ತೆಗೆದಿಟ್ಟು, ಅವಳನ್ನು ನಿಧಾನವಾಗಿ ನಡೆಸುತ್ತಾ ಇರಲು ಹೇಳಿದರು. ಬಂದವರೇ ಮೂಗಿನಿಂದ ಹೊಟ್ಟೆಗೆ ಕೊಳವೆ ಇಳಿಸಿದರು. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಒಳಗೆ ಒತ್ತಡ ಹೆಚ್ಚಾದರೆ ಹೊಟ್ಟೆಯೇ ಒಡೆಯಬಹುದು, ಅದಕ್ಕೇ ಮೊದಲು ಅದನ್ನು ನೋಡುವುದು ಎಂದು ಹೇಳಿದರು. ಗೌರಿಯ ಕರುಳಲ್ಲಿ ಒಣ ಮೇವು ಗಟ್ಟಿಯಾಗಿ ಕಟ್ಟಿಕೊಂಡಿತ್ತು. ಕೊಳವೆಯಲ್ಲೇ ಎಣ್ಣೆ, ನೀರು ಕೊಟ್ಟರು. ನೋವಿಗೆ ಇಂಜೆಕ್ಷನ್ ಹಾಕಿದರು. ಬೆಳಗಿನ ಜಾವ ಅವಳು ಲದ್ದಿ ಹಾಕಿದಾಗ ನನಗೆ ಅಳು ಬಂದುಬಿಟ್ಟಿತು.

ಕಾರಣ ಹುಡುಕಿದರೆ ಎರಡೂ ನನ್ನ ಕೈಯಿಂದಲೇ ಆದದ್ದು. ಆ ವಾರ ಬಂದ ಹೊಸ ಒಣಹುಲ್ಲು ದಪ್ಪ ಕಡ್ಡಿಯದ್ದು. ಹಳೆಯದನ್ನು ನಿಲ್ಲಿಸಿ ಒಂದೇ ದಿನದಲ್ಲಿ ಇದನ್ನು ಹಾಕಿದ್ದೆ. ಜೊತೆಗೆ ತೊಟ್ಟಿಯಲ್ಲಿ ಪಾಚಿ ಕಟ್ಟಿತ್ತು. ಗೌರಿ ಆ ನೀರನ್ನು ಮೂಸಿ ಬಿಟ್ಟುಬಿಡುತ್ತಿದ್ದಳೋ ಏನೋ, ನಾನು ಗಮನಿಸಿರಲೇ ಇಲ್ಲ. ದೊಡ್ಡ ಕುದುರೆಗೆ ದಿನಕ್ಕೆ 25ರಿಂದ 45 ಲೀಟರ್ ನೀರು ಬೇಕು. ಸೆಕೆ ಇದ್ದರೆ, ಕೆಲಸ ಮಾಡಿದರೆ ಇನ್ನೂ ಜಾಸ್ತಿ.

ಮಾರನೇ ದಿನವೇ ಒಂದು ನೋಟ್‌ಬುಕ್ ಇಟ್ಟೆ. ಈಗ ನನ್ನ ಹತ್ತಿರ ಮೂರು ಕುದುರೆಗಳಿವೆ: ಗೌರಿ, ಕರಿಯ, ಚುಕ್ಕಿ. ಪ್ರತಿಯೊಂದಕ್ಕೂ ಬೇರೆ ಪುಟ. ಆರೋಗ್ಯವಾಗಿರುವ ದೊಡ್ಡ ಕುದುರೆಯ ಮೈಬಿಸಿ ಸುಮಾರು 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ಸುಮ್ಮನೆ ನಿಂತಿರುವಾಗ ಎದೆಬಡಿತ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16. ಇದು ಎಲ್ಲ ಕುದುರೆಗಳ ಲೆಕ್ಕ. ನಮಗೆ ಬೇಕಾದದ್ದು ನಮ್ಮ ಕುದುರೆಯ ಲೆಕ್ಕ. ಕರಿಯನ ಎದೆಬಡಿತ ಯಾವಾಗಲೂ 32ರ ಆಸುಪಾಸು. ಅವನಿಗೆ 44 ಬಂದರೆ ಪುಸ್ತಕದ ಪ್ರಕಾರ ಸರಿ, ನನ್ನ ಪ್ರಕಾರ ಏನೋ ಆಗಿದೆ.

ಎಡ ಮೊಣಕೈ ಹಿಂದೆ ಸ್ಟೆತೊಸ್ಕೋಪ್ ಇಟ್ಟು ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುತ್ತೇನೆ. ತುಟಿ ಎತ್ತಿ ಒಸಡನ್ನು ಬೆರಳಿನಿಂದ ಒತ್ತಿ ಬಿಡುತ್ತೇನೆ. ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಆಗಬೇಕು. ಆಮೇಲೆ ಎರಡೂ ಪಕ್ಕೆಗೆ ಕಿವಿ ಇಟ್ಟು ಕರುಳಿನ ಗುಡುಗುಡು ಕೇಳುತ್ತೇನೆ. ಆ ಸದ್ದು ನಿಂತುಹೋಗಿದ್ದರೆ ಭಯಪಡಬೇಕು. ಇಷ್ಟಕ್ಕೂ ಒಂದು ಕುದುರೆಗೆ ಮೂರು ನಿಮಿಷ ಸಾಕು. ಮೂರಕ್ಕೂ ಸೇರಿ ಹತ್ತು ನಿಮಿಷ.

ಮೇವಿನ ವಿಷಯದಲ್ಲಿ ಅಂದಿನಿಂದ ಅವಸರ ಬಿಟ್ಟೆ. ಯಾವ ಹೊಸ ಮೇವೇ ಬರಲಿ, ಹಳೆಯದರ ಜೊತೆ ಬೆರೆಸಿ ಹತ್ತು ದಿನ ತೆಗೆದುಕೊಂಡು ಬದಲಿಸುತ್ತೇನೆ. ಕುದುರೆಯ ಹೊಟ್ಟೆ ದೇಹಕ್ಕೆ ಹೋಲಿಸಿದರೆ ಚಿಕ್ಕದು. ದಿನವಿಡೀ ಸ್ವಲ್ಪಸ್ವಲ್ಪ ಮೇಯುವ ಪ್ರಾಣಿ ಅದು. ಅದಕ್ಕೇ ಹುಲ್ಲು ಮೊದಲು, ಕಾಳು ಆಮೇಲೆ, ಅದೂ ಕಡಿಮೆ. ದಿನಕ್ಕೆ ದೇಹದ ತೂಕದ ನೂರಕ್ಕೆ ಒಂದೂವರೆಯಿಂದ ಎರಡು ಭಾಗ ಹುಲ್ಲು. ಕೋಳಿ, ದನಗಳ ತಯಾರಿ ಆಹಾರ ನಮ್ಮ ಲಾಯದ ಹತ್ತಿರವೂ ಬರುವುದಿಲ್ಲ. ಅವುಗಳಲ್ಲಿ ಕೆಲವಕ್ಕೆ ಮೊನೆನ್ಸಿನ್ ಎಂಬ ಔಷಧಿ ಬೆರೆಸಿರುತ್ತಾರೆ. ಕುದುರೆಯ ಹೃದಯಕ್ಕೆ ಅದು ವಿಷ. ಸ್ವಲ್ಪ ತಿಂದರೂ ಸಾಯಬಹುದು.

ಇನ್ನು ಜಂತುಹುಳು. ಇಲ್ಲಿ ನಾನು ವರ್ಷಗಟ್ಟಲೆ ತಪ್ಪು ಮಾಡಿದ್ದೇನೆ, ಹಾಗಾಗಿ ವಿವರವಾಗಿ ಬರೆಯುತ್ತೇನೆ.

ಎರಡು ತಿಂಗಳಿಗೊಮ್ಮೆ ಕ್ಯಾಲೆಂಡರ್ ನೋಡಿಕೊಂಡು ಎಲ್ಲಕ್ಕೂ ಔಷಧಿ ಪೇಸ್ಟ್ ಬಾಯಿಗೆ ಹಾಕುತ್ತಿದ್ದೆ. ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆ ಎಂದೇ ಅಂದುಕೊಂಡಿದ್ದೆ. ಆದರೂ ಚುಕ್ಕಿ ಸೊರಗುತ್ತಲೇ ಹೋದಳು. ಕೂದಲು ಹೊಳಪಿಲ್ಲ, ಪಕ್ಕೆಲುಬು ಎದ್ದು ಕಾಣುತ್ತಿತ್ತು. ಕೊನೆಗೆ ಡಾಕ್ಟರು, "ಔಷಧಿ ಹಾಕೋದು ನಿಲ್ಲಿಸಿ, ಮೊದಲು ಲದ್ದಿ ತನ್ನಿ" ಎಂದರು. ಮೂರೂ ಕುದುರೆಗಳ ಹಸಿ ಲದ್ದಿ ಬೇರೆಬೇರೆ ಡಬ್ಬಿಯಲ್ಲಿ ಒಯ್ದೆ. ಸೂಕ್ಷ್ಮದರ್ಶಕದಲ್ಲಿ ಒಂದು ಗ್ರಾಂ ಲದ್ದಿಗೆ ಎಷ್ಟು ಹುಳುಮೊಟ್ಟೆ ಎಂದು ಎಣಿಸಿದರು. ಗೌರಿ, ಕರಿಯನಿಗೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಚುಕ್ಕಿಗೆ ಸಾವಿರ ದಾಟಿತ್ತು. ಔಷಧಿ ಹಾಕಿ ಹದಿನಾಲ್ಕು ದಿನ ಬಿಟ್ಟು ಮತ್ತೆ ಎಣಿಸಿದಾಗ ಮೊಟ್ಟೆ ಇಳಿದದ್ದು ಬಹಳ ಸ್ವಲ್ಪ. ನಮ್ಮ ಹೊಲದ ಹುಳುಗಳಿಗೆ ಆ ಔಷಧಿ ನಾಟುವುದೇ ನಿಂತುಹೋಗಿತ್ತು.

ನಾನೇ ಅವುಗಳಿಗೆ ಅಭ್ಯಾಸ ಮಾಡಿಸಿದ್ದೆ. ಪದೇಪದೇ ಅದೇ ಔಷಧಿ, ಅದೂ ಕಡಿಮೆ ಅಳತೆಯಲ್ಲಿ. ಚುಕ್ಕಿ ಸುಮಾರು 300 ಕಿಲೋ ಇರಬಹುದೆಂದು ಕಣ್ಣಂದಾಜಿನಲ್ಲಿ ಪೇಸ್ಟ್ ಕೊಡುತ್ತಿದ್ದೆ. ಡಾಕ್ಟರು ಟೇಪ್ ಹಿಡಿದು ಅಳೆದು ತೋರಿಸಿದರು. ಮುಂಗಾಲ ಹಿಂದೆ ಎದೆಯ ಸುತ್ತಳತೆ 170 ಸೆಂಟಿಮೀಟರ್. ಭುಜದ ತುದಿಯಿಂದ ಹಿಂಭಾಗದ ಮೂಳೆಯವರೆಗಿನ ಉದ್ದ 155. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಬೇಕು. ಬಂದದ್ದು 377 ಕಿಲೋ! ಸೊರಗಿದಾಗಲೇ ಅಷ್ಟು. ಅರ್ಧಂಬರ್ಧ ಔಷಧಿ ಬಿದ್ದರೆ ಗಟ್ಟಿ ಹುಳುಗಳು ಉಳಿದುಕೊಂಡು ಅವುಗಳ ಸಂತಾನವೇ ಬೆಳೆಯುತ್ತದೆ.

ಈಗ ಲದ್ದಿ ಪರೀಕ್ಷೆ ಮಾಡಿಸದೆ ಔಷಧಿ ಹಾಕುವುದಿಲ್ಲ. ಒಂದು ಗುಂಪಿನಲ್ಲಿ ಕೆಲವೇ ಕುದುರೆಗಳು ಬಹುಪಾಲು ಮೊಟ್ಟೆಗಳನ್ನು ಹೊರಹಾಕುತ್ತವೆ. ಅವಕ್ಕೆ ಮಾತ್ರ ಔಷಧಿ ಹಾಕಿದರೆ ಸಾಕು. ಆದರೆ ಒಂದು ಮಾತು. ಈ ಎಣಿಕೆಯಲ್ಲಿ ಎಲ್ಲವೂ ಕಾಣುವುದಿಲ್ಲ. ಕರುಳಿನ ಗೋಡೆಯೊಳಗೆ ಗೂಡು ಕಟ್ಟಿಕೊಂಡು ಮಲಗಿರುವ ಮರಿಹುಳುಗಳು ಮೊಟ್ಟೆ ಇಡುವುದಿಲ್ಲ, ಲಾಡಿಹುಳುವಿನ ಮೊಟ್ಟೆಯೂ ಸುಲಭವಾಗಿ ಸಿಗುವುದಿಲ್ಲ. ಅದಕ್ಕೆ ವರ್ಷಕ್ಕೊಮ್ಮೆ ಯಾವ ಔಷಧಿ ಎಂದು ಡಾಕ್ಟರೇ ತೀರ್ಮಾನಿಸುತ್ತಾರೆ. ಕುದುರೆಮರಿಗಳ ಲೆಕ್ಕ ಪೂರ್ತಿ ಬೇರೆ. ಅವಕ್ಕೆ ಕಾಡುವುದು ದುಂಡುಹುಳು, ಅದು ಕರುಳನ್ನೇ ಕಟ್ಟಿಬಿಡಬಹುದು.

ಔಷಧಿಗಿಂತ ಹೆಚ್ಚು ಕೆಲಸ ಮಾಡಿದ್ದು ಸಲಿಕೆ ಮತ್ತು ಕೈಗಾಡಿ. ಬೆಚ್ಚಗೆ, ತೇವವಾಗಿದ್ದರೆ ಲದ್ದಿಯಲ್ಲಿನ ಮೊಟ್ಟೆ ಒಂದು ವಾರದಲ್ಲೇ ಮರಿಹುಳುವಾಗಿ ಹುಲ್ಲಿನ ಮೇಲೆ ಹತ್ತುತ್ತದೆ. ಅಷ್ಟರೊಳಗೆ ಲದ್ದಿ ಎತ್ತಿದರೆ ಸರಪಳಿ ಕಡಿಯಿತು. ವಾರಕ್ಕೆ ಎರಡು ಸಲ ಇಡೀ ಮೇವಿನ ಜಾಗ ಗುಡಿಸುತ್ತೇವೆ. ಒಂದು ಪಕ್ಕವನ್ನು ಕುದುರೆ ಬಿಡದೆ ದನಗಳಿಗೆ ಬಿಟ್ಟೆ. ಕುದುರೆಯ ಈ ಹುಳುಗಳು ದನದ ಹೊಟ್ಟೆಯಲ್ಲಿ ಬದುಕುವುದಿಲ್ಲ. ಒಂದು ವರ್ಷದ ನಂತರ ಚುಕ್ಕಿಯ ಎಣಿಕೆ 150. ಮೈ ತುಂಬಿಕೊಂಡು ಬಂತು.

ಲದ್ದಿ ಎತ್ತಿದ್ದರಿಂದ ನೊಣವೂ ಇಳಿಯಿತು. ನಾನು ಮೊದಲು ಸ್ಪ್ರೇ ಮೇಲೆ ಸ್ಪ್ರೇ ಹೊಡೆಯುತ್ತಿದ್ದೆ. ಸೆಕೆಯ ದಿನಗಳಲ್ಲಿ ಮನೆನೊಣ ಮೊಟ್ಟೆಯಿಂದ ಹಾರುವ ನೊಣವಾಗಲು ಏಳರಿಂದ ಹತ್ತು ದಿನ ಸಾಕು. ಗುಡ್ಡೆ ಅಲ್ಲೇ ಇದ್ದರೆ ಎಷ್ಟು ಕೊಂದರೂ ಮತ್ತಷ್ಟು ಹುಟ್ಟುತ್ತವೆ, ಅಲ್ವಾ? ಕಾಲು ಕಚ್ಚುವ ಲಾಯದ ನೊಣಕ್ಕಂತೂ ಉಚ್ಚೆಯಲ್ಲಿ ನೆನೆದು ಕೊಳೆತ ಹುಲ್ಲೇ ತೊಟ್ಟಿಲು. ಹಾಗಾಗಿ ಹಾಸಿನ ಒದ್ದೆ ಭಾಗವನ್ನು ದಿನವೂ ತೆಗೆಯುತ್ತೇನೆ, ಗುಡ್ಡೆಯನ್ನು ದೂರ ಹಾಕಿ ಮುಚ್ಚುತ್ತೇನೆ.

ಕರಿಯ ಜೂಲು, ಬಾಲದ ಬುಡವನ್ನು ಕಂಬಕ್ಕೆ ತಿಕ್ಕಿ ರಕ್ತ ಬರಿಸಿಕೊಳ್ಳುತ್ತಿದ್ದ. ಅದು ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಕಚ್ಚುನೊಣಗಳ ಎಂಜಲಿನ ಅಲರ್ಜಿ. ಅವು ಮುಸ್ಸಂಜೆ, ಮುಂಜಾನೆ ಬರುತ್ತವೆ. ಗಾಳಿಗೆ ಎದುರಾಗಿ ಹಾರುವ ಶಕ್ತಿ ಅವಕ್ಕಿಲ್ಲ. ಆ ಎರಡು ಹೊತ್ತು ಅವನನ್ನು ಒಳಗೆ ಕಟ್ಟಿ, ದೊಡ್ಡ ಫ್ಯಾನ್ ಹಾಕಿಟ್ಟೆ. ಮೈಗೆ ತೆಳು ಹೊದಿಕೆ. ಎರಡು ತಿಂಗಳಲ್ಲಿ ಜೂಲು ಮತ್ತೆ ಬಂತು. ಬರೀ ಬಾಲ ಮಾತ್ರ ತಿಕ್ಕುತ್ತಿದ್ದರೆ ಗುದದ ಸುತ್ತ ಮೊಟ್ಟೆ ಇಡುವ ಸೂಜಿಹುಳು ಇರಬಹುದು, ಅದನ್ನೂ ನೋಡಿಸಿ. ಮುಂಗಾಲ ಕೂದಲಿಗೆ ಹಳದಿ ಚುಕ್ಕಿಗಳಂತೆ ಅಂಟಿರುವುದು ಬಾಟ್ ನೊಣದ ಮೊಟ್ಟೆ. ಕುದುರೆ ನೆಕ್ಕಿದರೆ ಹುಳು ಹೊಟ್ಟೆ ಸೇರುತ್ತದೆ. ಮೊಂಡು ಚಾಕುವಿನಿಂದ ಕೆರೆದು ತೆಗೆಯುತ್ತೇನೆ.

ಉಣ್ಣೆಗಳನ್ನು ಕೈಯಿಂದಲೇ ಹುಡುಕಬೇಕು. ಕಿವಿಯೊಳಗೆ, ದವಡೆಯ ಕೆಳಗೆ, ತೊಡೆಸಂದಿಯಲ್ಲಿ, ಬಾಲದ ಕೆಳಗೆ. ರಕ್ತಕಣ ಒಡೆಯುವ ಜ್ವರವನ್ನು ಅವು ಹರಡುತ್ತವೆ. ದೊಡ್ಡ ಕಚ್ಚುನೊಣಗಳಿಂದ ಬರುವುದು ಸರ್ರಾ ಎಂಬ ರೋಗ. ಜ್ವರ ಬಂದು ಹೋಗಿ ಮಾಡುತ್ತದೆ, ಕಾಲು, ಹೊಟ್ಟೆಯ ಅಡಿ ಊದುತ್ತದೆ, ಮೈ ಇಳಿಯುತ್ತದೆ. ರಕ್ತಪರೀಕ್ಷೆ ಇಲ್ಲದೆ ಎರಡನ್ನೂ ಊಹಿಸಬಾರದು. ಇಲ್ಲೊಂದು ಎಚ್ಚರಿಕೆ. ದನ, ನಾಯಿಗಳ ಉಣ್ಣೆಗೆ ಬಳಸುವ ಅಮಿಟ್ರಾಜ್ ಔಷಧಿಯನ್ನು ಕುದುರೆಗೆ ಬಳಸಲೇಬೇಡಿ. ಕರುಳಿನ ಚಲನೆ ನಿಂತು ಹೊಟ್ಟೆ ಕಟ್ಟುತ್ತದೆ. ನಾನೂ ಒಮ್ಮೆ ಬಾಟಲಿ ಕೈಗೆತ್ತಿಕೊಂಡಿದ್ದೆ. ಡಾಕ್ಟರನ್ನು ಕೇಳೋಣ ಎಂದು ಅನಿಸಿದ್ದು ಪುಣ್ಯ.

ಗೊರಸು ದಿನವೂ ಕೊರೆದು ತೆಗೆಯುತ್ತೇನೆ. ಅಡಿಯ ಮೆತ್ತನೆ ತ್ರಿಕೋನದ ಪಕ್ಕದ ಸೀಳುಗಳಲ್ಲಿ ಕೊಳೆ ನಿಂತರೆ ಕಪ್ಪು ಕೀವು, ತಡೆಯಲಾಗದ ವಾಸನೆ. ಮೂಗಿಗೆ ಗೊತ್ತಾದಾಗಲೇ ಹಾಸು ಒದ್ದೆ ಇದೆ ಎಂದರ್ಥ. ಔಷಧಿ ಹಚ್ಚುವ ಮುಂಚೆ ನೆಲ ಒಣಗಿಸಬೇಕು. ಲಾಳ ಹೊಡೆಯುವವರು ಆರರಿಂದ ಎಂಟು ವಾರಕ್ಕೊಮ್ಮೆ ಬರುತ್ತಾರೆ. ಗೊರಸಿಗೆ ಕೈಯಿಟ್ಟು ಬಿಸಿಯೂ ನೋಡುತ್ತೇನೆ. ಗೊರಸು ಬಿಸಿಯಾಗಿ, ಗೊರಸಿನ ಮೇಲಿನ ಗಂಟಿನ ಹಿಂಭಾಗದಲ್ಲಿ ನಾಡಿ ಜೋರಾಗಿ ಬಡಿಯುತ್ತಾ, ಕುದುರೆ ಮುಂಗಾಲು ಮುಂದಿಟ್ಟು ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತಿದ್ದರೆ ಅದು ಲ್ಯಾಮಿನೈಟಿಸ್. ಗೊರಸಿನೊಳಗೆ ಮೂಳೆಯನ್ನು ಹಿಡಿದಿಡುವ ಪದರವೇ ಬಾತುಕೊಂಡಿರುತ್ತದೆ. ಒಂದು ಗಂಟೆಯೂ ಕಾಯಬಾರದು. ಕಾಳಿನ ಚೀಲಕ್ಕೆ ಕುದುರೆ ಬಾಯಿ ಹಾಕಿದರೂ ಅಷ್ಟೇ, ಕಾಲು ಕುಂಟುವವರೆಗೆ ಕಾಯದೆ ಡಾಕ್ಟರನ್ನು ಕರೆಯಿರಿ. ಕೊಬ್ಬಿದ, ಕತ್ತಿನ ಮೇಲೆ ದಿಂಡು ಬಂದ ಕುದುರೆಗಳಿಗೆ ಈ ಅಪಾಯ ಜಾಸ್ತಿ.

ಲಸಿಕೆಯಲ್ಲಿ ನಾನು ಯಾವತ್ತೂ ತಡ ಮಾಡದ್ದು ಧನುರ್ವಾಯುವಿನದ್ದು. ಆ ರೋಗಾಣು ಮಣ್ಣಿನಲ್ಲೂ ಲದ್ದಿಯಲ್ಲೂ ಇರುತ್ತದೆ. ಒಂದು ಮೊಳೆ ಚುಚ್ಚಿದರೆ ಸಾಕು, ಕುದುರೆಯಷ್ಟು ಸುಲಭವಾಗಿ ಅದಕ್ಕೆ ಬಲಿಯಾಗುವ ಪ್ರಾಣಿಗಳು ಕಡಿಮೆ. ಮೊದಲು ಎರಡು ಡೋಸ್, ನಡುವೆ ನಾಲ್ಕರಿಂದ ಆರು ವಾರ, ನಂತರ ವರ್ಷಕ್ಕೊಂದು. ಫ್ಲೂ, ಹುಚ್ಚುನಾಯಿ ರೋಗದ ಲಸಿಕೆ ನೀವಿರುವ ಕಡೆಯ ಡಾಕ್ಟರು ಹೇಳಿದಂತೆ.

ಹಲ್ಲು ಮರೆಯಬೇಡಿ. ಅಗಿದ ಹುಲ್ಲನ್ನು ಉಂಡೆಯಾಗಿ ಉಗುಳುತ್ತಿದ್ದರೆ ಹಲ್ಲಿನ ಅಂಚು ಚೂಪಾಗಿ ಕೆನ್ನೆ ಕೊರೆಯುತ್ತಿರುತ್ತದೆ. ವರ್ಷಕ್ಕೊಮ್ಮೆ ಅರದಿಂದ ಉಜ್ಜಿಸುತ್ತೇನೆ.

ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಹೊಸ ಕುದುರೆ ತಂದದ್ದು. ನೋಡಲು ಚೆನ್ನಾಗಿತ್ತು, ಮಾರಿದವರೂ ಆರೋಗ್ಯವಾಗಿದೆ ಎಂದರು. ಬಂದ ದಿನವೇ ಮೂರರ ಜೊತೆ ಬಿಟ್ಟೆ. ಎಂಟನೇ ದಿನ ಜ್ವರ. ಆಮೇಲೆ ಮೂಗಿನಿಂದ ದಪ್ಪ ಹಳದಿ ಸಿಂಬಳ, ದವಡೆಯ ಕೆಳಗೆ ಗಂಟು. ಅದು ಸ್ಟ್ರ್ಯಾಂಗಲ್ಸ್ ಎಂಬ ಅಂಟುರೋಗ. ಮುಂದಿನ ಎರಡು ವಾರದಲ್ಲಿ ಕರಿಯನಿಗೂ ಚುಕ್ಕಿಗೂ ಬಂತು. ಗಂಟುಗಳು ಒಡೆದು ಕೀವು ಹರಿಯಿತು. ಚುಕ್ಕಿ ನುಂಗಲು ಆಗದೆ ನೆನೆಸಿದ ಮೇವಿನ ಮುಂದೆ ಸುಮ್ನೆ ನಿಂತಿರುತ್ತಿದ್ದಳು. ಆ ನೋಟ ಇನ್ನೂ ಮರೆತಿಲ್ಲ. ಇಬ್ಬರೂ ಉಳಿದರು.

ಆಗ ಕಲಿತದ್ದು ಇದು. ಈ ರೋಗದಲ್ಲಿ ಜ್ವರ ಮೊದಲು ಬರುತ್ತದೆ. ಮೂಗಿನಿಂದ ರೋಗಾಣು ಹೊರಬೀಳಲು ಇನ್ನೂ ಎರಡು ಮೂರು ದಿನ ಇರುತ್ತದೆ. ದಿನಕ್ಕೆರಡು ಸಲ ಥರ್ಮಾಮೀಟರ್ ಹಾಕಿದ್ದರೆ ಹೊಸ ಕುದುರೆಯನ್ನು ಆ ಸಮಯದಲ್ಲೇ ದೂರ ಕಟ್ಟಬಹುದಿತ್ತು. ವಾಸಿಯಾದ ಮೇಲೂ ಕೆಲವು ಕುದುರೆಗಳು ಗಂಟಲ ಹಿಂದಿನ ಚೀಲದಲ್ಲಿ ರೋಗಾಣು ಇಟ್ಟುಕೊಂಡು ತಿಂಗಳುಗಟ್ಟಲೆ ಹರಡುತ್ತವೆ. ಹಾಗಾಗಿ ಪರೀಕ್ಷೆ ಮಾಡಿಸಿಯೇ ಜೊತೆಗೆ ಬಿಟ್ಟೆ. ಮೂಗಿನ ಸ್ರಾವ, ಚರ್ಮದ ಮೇಲೆ ಸಾಲಾಗಿ ಹುಣ್ಣು ಕಂಡರೆ ಗ್ಲ್ಯಾಂಡರ್ಸ್ ಎಂಬ ರೋಗದ ಅನುಮಾನವೂ ಇರಲಿ. ಅದು ಮನುಷ್ಯರಿಗೂ ಬರುತ್ತದೆ, ಮುಟ್ಟದೆ ತಕ್ಷಣ ಸರ್ಕಾರಿ ಪಶುವೈದ್ಯರಿಗೆ ತಿಳಿಸಬೇಕು.

ಈಗ ಯಾವ ಕುದುರೆ ಬಂದರೂ ಮೂರು ವಾರ ಬೇರೆ. ಅದಕ್ಕೆ ಬೇರೆ ಬಕೆಟ್, ಬೇರೆ ಬ್ರಶ್, ಬೇರೆ ಸಲಿಕೆ. ನಮ್ಮ ಕುದುರೆಗಳ ಕೆಲಸ ಮುಗಿಸಿ ಕೊನೆಗೆ ಅದರ ಹತ್ತಿರ ಹೋಗುತ್ತೇನೆ, ಬಂದು ಕೈ ತೊಳೆದು ಬಟ್ಟೆ ಬದಲಿಸುತ್ತೇನೆ. ಆ ಇಪ್ಪತ್ತೊಂದು ದಿನದಲ್ಲೇ ಲದ್ದಿ ಪರೀಕ್ಷೆ, ಲಸಿಕೆ, ಹಲ್ಲು ಎಲ್ಲ ಮುಗಿಯುತ್ತದೆ. ಹೋದ ತಿಂಗಳು ಬಂದ ಗಂಡುಕುದುರೆಯ ಪುಟದಲ್ಲಿ ನಲವತ್ತೆರಡು ಸಲ ಜ್ವರ ನೋಡಿ ಬರೆದಿದ್ದೇನೆ. ಒಂದೂ 38.3 ದಾಟಿರಲಿಲ್ಲ. ಇಪ್ಪತ್ತೆರಡನೇ ದಿನ ಬೇಲಿಯ ಬಾಗಿಲು ತೆಗೆದೆ. ಗೌರಿ ಮೊದಲು ಬಂದು ಅವನ ಮೂಗು ಮೂಸಿದಳು.